ಪಟ್ಟಿಯಲ್ಲಿ ಇಲ್ಲದ ಕೆರೆ

ಡೆಲೋರಿಸ್ ಗುಡ್‌ಸ್ಕೈ ಹತ್ತಿರ ಕಾಗದ ಇರಲಿಲ್ಲ.

ಉಳಿದದ್ದೆಲ್ಲ ಇತ್ತು. ಹದಿನಾರು ಅಡಿಯ ದೋಣಿ ಇತ್ತು. ದಂಟು ಬಾಗಿಸಿ ಕಾಳನ್ನು ದೋಣಿಗೆ ಉದುರಿಸಲು, ಅಮ್ಮನ ಅಂಗೈ ತಾಗಿ ತಾಗಿ ನುಣುಪಾದ ಎರಡು ದೇವದಾರಿನ ಬಡಿಕೋಲು ಇದ್ದವು. ಹುರಿಯಲು ಕಬ್ಬಿಣದ ಕಡಾಯಿ, ಕೇರಲು ಬರ್ಚ್ ತೊಗಟೆಯ ಮೊರ, ಅಡುಗೆಮನೆಯ ಕಪಾಟಿನಲ್ಲಿ ಹೋದ ವರ್ಷದ ಅಕ್ಕಿಯ ಸೀಸೆಗಳು ಇದ್ದವು. ಹನ್ನೆರಡನೇ ವಯಸ್ಸಿನಿಂದ ಐವತ್ತು ವರ್ಷ, ಪ್ರತಿ ಸೆಪ್ಟೆಂಬರಿನಲ್ಲಿ, ಒಂದೇ ಕೆರೆಯಲ್ಲಿ ಅವಳು ಮನೋಮಿನ್ ಬಡಿದಿದ್ದಳು. ಯಾರೂ ಉಳದೆ ನೀರಿನಲ್ಲೇ ಹುಟ್ಟಿ ಆಳೆತ್ತರ ನಿಲ್ಲುವ ಆ ಭತ್ತ ಸಿಕ್ಕಿತೆಂದೇ ಅವಳ ಜನ, ಮೂಲನಿವಾಸಿ ಅನಿಶಿನಾಬೆಗಳು, ಈ ಸೀಮೆಯಲ್ಲಿ ನೆಲೆ ನಿಂತಿದ್ದು. ಆದರೆ ಆ ಕೆರೆಯಲ್ಲಿ ಭತ್ತ ಇದೆ ಎಂದು ಹೇಳುವ ಒಂದು ಚೂರು ಕಾಗದ ಎಲ್ಲೂ ಇರಲಿಲ್ಲ.

"ಫೋಟೋ?" ಎಂದು ಕೇಳಿದಳು ರೋಶೆಲ್. ಅವಳು ಅಣ್ಣನ ಮಗಳು, ಬುಡಕಟ್ಟು ಮಂಡಳಿಯ ನೀರಿನ ಕಚೇರಿಯಲ್ಲಿ ಕೆಲಸ. ಫೆಬ್ರವರಿಯ ಆ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಕೂತಿದ್ದಳು.

"ಇಲ್ಲ."

"ಒಂದೂ ಇಲ್ವಾ ಅತ್ತೆ? ಐವತ್ತು ವರ್ಷದಲ್ಲಿ?"

"ನಿಮ್ಮಜ್ಜಿ ಕ್ಯಾಮೆರಾ ತರಕ್ಕೆ ಬಿಡ್ತಿರಲಿಲ್ಲ. ಫೋಟೋ ಇನ್ನೊಬ್ಬರ ಮನೆಗೆ ಹೋಗತ್ತೆ, ಹಿಂದೇನೇ ಅವರು ನಮ್ಮ ಕೆರೆಗೆ ಬರ್ತಾರೆ ಅನ್ನೋಳು."

ಒಲೆಯ ಪಕ್ಕ ಕುರ್ಚಿಯಲ್ಲಿ ಮಂಡಿ ಚಾಚಿ ಕೂತಿದ್ದ ಆರ್ವಿಲ್ ನಕ್ಕ. ಅವನು ಡೆಲೋರಿಸ್‌ಳ ಅಣ್ಣ, ರೋಶೆಲ್‌ಳ ಅಪ್ಪ, ಎಪ್ಪತ್ತು ದಾಟಿದವನು. "ನನ್ನ ಮದುವೆಗೂ ಬಿಡಲಿಲ್ಲ ಕ್ಯಾಮೆರಾನ. ಅದಕ್ಕೇ ನಿಮ್ಮಮ್ಮ ಎರಡು ಸಲ ಬಿಟ್ಟುಹೋಗಿದ್ದು. ಮದುವೆ ಆಗಿದ್ದಕ್ಕೆ ಸಾಕ್ಷಿನೇ ಇಲ್ಲ."

"ಅಪ್ಪ, ಸ್ವಲ್ಪ ಸುಮ್ಮನಿರು."

ಕೆರೆಗೆ ಮನೆಯಲ್ಲಿ ಹೆಸರೂ ಇರಲಿಲ್ಲ. 'ಆಚೆ' ಎನ್ನುತ್ತಿದ್ದರು. ಆಚೆ ಹೋಗಿದ್ದಾರೆ, ಆಚೆ ಕಾಳು ಕಟ್ಟಿದೆ, ಆಚೆ ಈ ಸಲ ಹುಳ ಜಾಸ್ತಿ. ನಕ್ಷೆಯಲ್ಲಿ ಅದಕ್ಕೆ ಕೆಸರು ಕೆರೆ ಎಂದಿತ್ತು. ಆ ಹೆಸರಿನ ಕೆರೆಗಳು ಆ ಜಿಲ್ಲೆಯಲ್ಲೇ ಒಂಬತ್ತು ಇದ್ದವು. ನಕ್ಷೆಯ ಮೇಲೆ ಕೆನಡಾದ ಕಡೆಯಿಂದ ಸುಪೀರಿಯರ್ ಸರೋವರದ ಬಂದರಿನವರೆಗೆ ಒಂದು ಕೆಂಪು ಗೆರೆ ಎಳೆದಿತ್ತು. ಅದು ಎಣ್ಣೆಯ ಕೊಳವೆ. ಮೂರು ಅಡಿ ಅಗಲದ್ದು. ಗೆರೆ ದೊಡ್ಡ ಕೆರೆಗಳನ್ನೆಲ್ಲ ಬಳಸಿಕೊಂಡು ಬಂದು ಒಂದು ಕಡೆ ನೆಟ್ಟಗೆ 'ಆಚೆ'ಯ ಕೋಡಿಯನ್ನು ದಾಟುತ್ತಿತ್ತು.

"ಯಾಕೆ ಇಲ್ಲೇ ಬಂತು ಗೊತ್ತಾ?" ಎಂದಳು ರೋಶೆಲ್. "ರಾಜ್ಯದ ಹತ್ರ ಭತ್ತದ ಕೆರೆಗಳ ಪಟ್ಟಿ ಇದೆ. ಪಟ್ಟಿಲಿರೋ ಕೆರೆಯ ಕೋಡೀನ, ಹಿಮ ಕರಗಿದಾಗಿಂದ ಕೊಯ್ಲು ಮುಗಿಯೋವರೆಗೆ ಯಾರೂ ಮುಟ್ಟೋ ಹಾಗಿಲ್ಲ. ಕಂಪನಿಯವರು ಪಟ್ಟಿ ಹಿಡ್ಕೊಂಡು ಗೆರೆ ಎಳೆದಿದ್ದಾರೆ. ಇದು ಪಟ್ಟಿಲಿಲ್ಲ. ಜೂನ್‌ನಲ್ಲಿ ಕೆಲಸ ಶುರು ಮಾಡ್ತಾರೆ."

"ಜೂನ್‌ನಲ್ಲಾ?"

"ಜೂನ್‌ನಲ್ಲಿ."

ಡೆಲೋರಿಸ್ ಆರ್ವಿಲ್‌ನನ್ನು ನೋಡಿದಳು. ಜೂನ್‌ನಲ್ಲಿ ಮನೋಮಿನ್ ಇನ್ನೂ ಎದ್ದು ನಿಂತಿರುವುದಿಲ್ಲ. ಎಲೆ ರಿಬ್ಬನ್ನಿನ ಹಾಗೆ ನೀರ ಮೇಲೆ ಮಲಗಿರುತ್ತದೆ, ಬೇರು ಕೆಸರನ್ನು ಅರೆಬರೆ ಹಿಡಿದಿರುತ್ತದೆ. ಆಗ ಕೋಡಿ ಕಟ್ಟಿ ನೀರು ಒಂದು ಅಡಿ ಏರಿದರೆ ಎಲೆ ನೀರಿನ ಜೊತೆ ಮೇಲಕ್ಕೆದ್ದು ಬೇರನ್ನು ಕಿತ್ತುಕೊಂಡು ಬರುತ್ತದೆ. ಇದನ್ನು ಆ ಮೇಜಿನ ಸುತ್ತ ಯಾರೂ ಯಾರಿಗೂ ವಿವರಿಸಬೇಕಿರಲಿಲ್ಲ.

"ನಮ್ಮ ಹಕ್ಕು ಇದೆಯಲ್ಲ," ಎಂದಳು ಡೆಲೋರಿಸ್. "ಮುತ್ತಾತಂದಿರು ದೇಶದ ಸರ್ಕಾರದ ಜೊತೆ ಮಾಡ್ಕೊಂಡ ಒಪ್ಪಂದದಲ್ಲಿ."

"ಇದೆ ಅತ್ತೆ. ಬಿಟ್ಟುಕೊಟ್ಟ ನೆಲದಲ್ಲೂ ಬೇಟೆ, ಮೀನು, ಭತ್ತದ ಹಕ್ಕು ನಮ್ಮದೇ. ಅದನ್ನ ರಾಜ್ಯದವರೂ ಇಲ್ಲ ಅನ್ನಲ್ಲ. ಭತ್ತ ಎಲ್ಲಿದೆ ತೋರಿಸಿ ಅಂತಾರೆ. ಹಿಮ ಕರಗೋ ಮೊದಲು ವಿಚಾರಣೆ ಇದೆ. ಅಷ್ಟರಲ್ಲಿ ಪಟ್ಟಿಗೆ ಸೇರಿಸಿದ್ರೆ ಉಳೀತು." ಅವಳು ಚೀಲದಿಂದ ಒಂದು ಹಾಳೆ ತೆಗೆದಳು. "ಇನ್ನೊಂದು ಇದೆ. ಪಟ್ಟಿ ಮಾಡಿದಾಗಿನ ಹಾಳೆ. ಸಾವಿರದ ಒಂಬೈನೂರ ಎಪ್ಪತ್ತೆಂಟರದ್ದು. ಓದ್ತೀನಿ ಕೇಳು. 'ಕೆಸರು ಕೆರೆ. ದಾರಿ ಕೆಸರಿನಲ್ಲಿ ಹೂತುಹೋಗಿದ್ದರಿಂದ ಕೆರೆ ನೋಡಲಾಗಲಿಲ್ಲ. ರಸ್ತೆಯಲ್ಲಿ ಸಿಕ್ಕ ಸ್ಥಳೀಯ ಯುವತಿ, ಡಿ. ಗುಡ್‌ಸ್ಕೈ, ಭತ್ತ ಇಲ್ಲವೆಂದು ತಿಳಿಸಿದಳು.'"

ಒಲೆಯಲ್ಲಿ ಕಟ್ಟಿಗೆ ಸಿಡಿಯಿತು.

"ಇದು ನೀನೇನಾ ಅತ್ತೆ?"

"ಹೂಂ. ನಾನೇ."

ಅವಳಿಗೆ ಆಗ ಹತ್ತೊಂಬತ್ತು. ಹಸಿರು ಜೀಪು, ಕಿಟಕಿಯಲ್ಲಿ ಕೆಂಪು ಮುಖದ ಒಬ್ಬ ಗಂಡಸು, ತೊಡೆಯ ಮೇಲೆ ಹಾಳೆ ಸಿಕ್ಕಿಸಿದ ಹಲಗೆ. ಆ ಕಡೆ ಕೆರೆಯಲ್ಲಿ ಭತ್ತ ಇದೆಯಾ ಎಂದು ಕೇಳಿದ. ಇಲ್ಲ, ಬರೀ ಜೊಂಡು ಎಂದಿದ್ದಳು. ಅವಳ ಹಿಂದೆ ಪೊದೆಯಲ್ಲಿ ದೋಣಿ ಇತ್ತು, ದೋಣಿಯಲ್ಲಿ ಎರಡು ಮೂಟೆ ಹಸಿ ಭತ್ತ. ಆ ಕಾಲಕ್ಕೆ ಬುಡಕಟ್ಟಿಗೆ ಮೀಸಲಾದ ನೆಲದ ಹೊರಗೆ ಪರವಾನಗಿ ಇಲ್ಲದೆ ಭತ್ತ ಬಡಿದರೆ ಅರಣ್ಯದ ವಾರ್ಡನ್ ಹಿಡಿಯುತ್ತಿದ್ದ. ಪಟ್ಟಿಗೆ ಸೇರಿದ ಕೆರೆಗಳಿಗೆ ಪೇಟೆಯಿಂದ ಪರವಾನಗಿ ಹಿಡಿದು ಜನ ಬರುತ್ತಿದ್ದರು, ಕಾಳು ಬಲಿಯುವ ಮೊದಲೇ ದಂಟು ಮುರಿದು ಹೋಗುತ್ತಿದ್ದರು. ಪಕ್ಕದ ಕೆರೆ ಹಾಗೆಯೇ ಹಾಳಾಗಿತ್ತು. ಅಂದು ಮನೆಗೆ ಬಂದು ಹೇಳಿದಾಗ ಅಮ್ಮ ಅವಳಿಗೆ ಮೊದಲ ತಟ್ಟೆ ಬಡಿಸಿದ್ದಳು.

"ಬೈಯ್ಯಬೇಡ ಅವಳಿಗೆ," ಎಂದ ಆರ್ವಿಲ್. "ನನ್ನ ಕೇಳಿದ್ರೆ ನಾನು ಕೆರೆನೇ ಇಲ್ಲ ಅಂತಿದ್ದೆ."

ಹಾದಿ ಒಂದು ಇದೆ ಎಂದು ಅವನಿಗೇ ಮೊದಲು ಹೊಳೆದದ್ದು. ಅರವತ್ತೇಳರಲ್ಲಿ ವಾರ್ಡನ್ ಅಪ್ಪನನ್ನು ಕೆರೆಯ ರಸ್ತೆಯಲ್ಲೇ ಹಿಡಿದಿದ್ದ. ಡೆಲೋರಿಸ್‌ಗೆ ಎಂಟು ವರ್ಷ, ಅವಳೂ ಟ್ರಕ್ಕಿನಲ್ಲಿದ್ದಳು. ನಾಲ್ಕು ಮೂಟೆ ಭತ್ತ ಕಿತ್ತುಕೊಂಡರು, ದೋಣಿ ಕಿತ್ತುಕೊಂಡರು, ಅಪ್ಪನನ್ನು ಕೋರ್ಟಿಗೆ ಕರೆಸಿದರು. "ಕೋರ್ಟು ಅಂದ್ಮೇಲೆ ಬರೆದಿರ್ತಾರೆ," ಎಂದ ಆರ್ವಿಲ್. "ಎಲ್ಲಿ ಬಡಿದ, ಎಷ್ಟು ಬಡಿದ ಅಂತ. ನಮ್ಮ ಅಪ್ಪನ ಅಪರಾಧನೇ ನಮಗೆ ಆಧಾರ."

ಮಾರನೆಯ ವಾರ ಮೂವರೂ ಜಿಲ್ಲಾ ಕೋರ್ಟಿನ ನೆಲಮಾಳಿಗೆಗೆ ಹೋದರು. ಗುಮಾಸ್ತೆ ಒಳ್ಳೆಯವಳು, ಚಹಾ ಕೊಟ್ಟಳು. ಎರಡು ದಿನ ಹುಡುಕಿದರು. ಮೂರನೆಯ ಮಧ್ಯಾಹ್ನ ರೋಶೆಲ್ ಒಂದು ಕಂದು ಲಕೋಟೆ ಹಿಡಿದು ಬಂದಳು. ಅಪ್ಪನ ಹೆಸರು ಇತ್ತು. ತಾರೀಖು ಇತ್ತು. ನಾಲ್ಕು ಮೂಟೆ, ಒಂದು ದೋಣಿ, ಎರಡು ಬಡಿಕೋಲು.

"ಸ್ಥಳ?" ಎಂದಳು ಡೆಲೋರಿಸ್.

ರೋಶೆಲ್ ಹಾಳೆಯನ್ನು ಅವಳ ಮುಂದಿಟ್ಟಳು. ಸ್ಥಳ: ಉದ್ದ ಕೆರೆ, ಆರೋಪಿಯ ಹೇಳಿಕೆಯಂತೆ.

ಉದ್ದ ಕೆರೆ ಹದಿನೇಳು ಮೈಲಿ ದೂರ. ಅಪ್ಪ ಅಲ್ಲಿ ಒಂದು ದಿನವೂ ಭತ್ತ ಬಡಿದವನಲ್ಲ. ದೋಣಿ ಹೋದರೂ, ಚಳಿಗಾಲದ ಅನ್ನ ಹೋದರೂ, ಜಡ್ಜಿನ ಎದುರು ನಿಂತಾಗಲೂ ಕೆರೆಯ ಸುಳಿವು ಕೊಟ್ಟಿರಲಿಲ್ಲ.

ಆರ್ವಿಲ್ ಗೋಡೆಗೆ ಒರಗಿ ನಗಲು ಶುರು ಮಾಡಿದ. ಗುಮಾಸ್ತೆ ತಿರುಗಿ ನೋಡಿದಳು. "ಮುದುಕ," ಎಂದ ಅವನು, ಕಣ್ಣೊರೆಸಿಕೊಳ್ಳುತ್ತ, "ಎಂಥಾ ಮುದುಕ. ಸತ್ತು ಮೂವತ್ತು ವರ್ಷ ಆಯ್ತು, ಇನ್ನೂ ಬಾಯಿ ಬಿಡ್ತಿಲ್ಲ."

ಡೆಲೋರಿಸ್ ನಗಲಿಲ್ಲ. ಆ ಮನೆತನ ಒಂದೇ ಒಂದು ಕೆಲಸವನ್ನು ಅರವತ್ತು ವರ್ಷ ತಪ್ಪಿಲ್ಲದೆ ಮಾಡಿತ್ತು. ಈಗ ಅದನ್ನು ಅಳಿಸುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ.

ವಿಚಾರಣೆ ಮಾರ್ಚಿನಲ್ಲಿ ಹೈಸ್ಕೂಲಿನ ಆಟದ ಹಾಲಿನಲ್ಲಿ ನಡೆಯಿತು. ಬ್ಯಾಸ್ಕೆಟ್ ಬಾಲ್ ಬುಟ್ಟಿಯ ಕೆಳಗೆ ಅಧಿಕಾರಿಯ ಮೇಜು, ಎಡಕ್ಕೆ ಕಂಪನಿಯ ವಕೀಲರು, ಬಲಕ್ಕೆ ಮಂಡಳಿಯವರು. ಹಿಂದಿನ ಬೆಂಚುಗಳಲ್ಲಿ ಕಂಪನಿಯ ಹಸಿರು ಟೀಶರ್ಟು ಹಾಕಿದ ಕೂಲಿ ಸಂಘದವರು ಬೆಳಿಗ್ಗೆ ಆರಕ್ಕೇ ಬಂದು ಜಾಗ ಹಿಡಿದಿದ್ದರು. ಅವರಲ್ಲಿ ಡೆಲೋರಿಸ್‌ಳ ಸೋದರ ಸಂಬಂಧಿಗಳೂ ಇಬ್ಬರಿದ್ದರು. ಕೆಲಸ ಬೇಕಿತ್ತು, ಅದನ್ನು ಅವಳು ತಪ್ಪೆನ್ನಲಿಲ್ಲ.

ಆರ್ವಿಲ್ ಮೊದಲು ಹೇಳಿದ. ಆ ಕೆರೆಗೆ ಹೋಗುತ್ತಿದ್ದ ಉಳಿದವರೆಲ್ಲ ಸತ್ತಿದ್ದಾರೆ, ನಾವಿಬ್ಬರೇ ಉಳಿದವರು ಎಂದ. ಉಪಗ್ರಹದ ಚಿತ್ರದಲ್ಲಿ ಹಸಿರು ಕಾಣುತ್ತದೆ ಎಂದು ರೋಶೆಲ್ ತೋರಿಸಿದಳು. ಜೊಂಡೂ ಹಸಿರೇ ಎಂದರು ವಕೀಲರು.

ಆಮೇಲೆ ಡೆಲೋರಿಸ್. ಅವಳು ಕೈಚೀಲದಿಂದ ಒಂದು ಸೀಸೆ ಅಕ್ಕಿ ತೆಗೆದು ಮೇಜಿನ ಮೇಲಿಟ್ಟಳು. ಅದನ್ನು ಬೀಜಕ್ಕೆಂದು ಹುರಿಯದೆ ಒದ್ದೆಯಾಗಿಯೇ ತಣ್ಣಗಿಟ್ಟಿದ್ದಳು. ಅಕ್ಕಿ ಎನ್ನುವುದಕ್ಕಿಂತ ಭತ್ತವೇ, ಸುಂಗು ಸಮೇತ.

"ಇದು ಆ ಕೆರೇದು," ಎಂದಳು. "ನಮ್ಮ ಕಾಳು ಗಿಡ್ಡ, ದಪ್ಪ. ಬೇರೆ ಕೆರೇದು ಉದ್ದ ಇರತ್ತೆ. ತಿಂದವರಿಗೆ ಗೊತ್ತಾಗತ್ತೆ."

ಕಂಪನಿಯ ವಕೀಲನಿಗೆ ನಲವತ್ತು ಇರಬಹುದು, ದನಿ ಮೆತ್ತಗೆ. ಎಪ್ಪತ್ತೆಂಟರ ಹಾಳೆಯನ್ನು ಅವಳಿಗೆ ತೋರಿಸಿದ. "ಮೇಡಂ, ಇದು ನಿಮ್ಮ ಹೇಳಿಕೆಯಾ?"

"ನನ್ನದೇ."

"ಆಗ ಭತ್ತ ಇಲ್ಲ ಅಂದ್ರಿ."

"ಸುಳ್ಳು ಹೇಳಿದೆ."

"ಸರ್ಕಾರಿ ಅಧಿಕಾರಿಗೆ."

"ಹೂಂ. ನಿಜ ಹೇಳಿದ್ರೆ ನನ್ನ ಹಿಡೀತಿದ್ರು."

"ಈಗ ಇದೆ ಅಂತೀರಿ. ಎರಡರಲ್ಲಿ ಯಾವುದನ್ನ ನಂಬೋಣ ಹೇಳಿ."

ಅವನು ಅಣಕಿಸಲಿಲ್ಲ. ನಿಜವಾಗಿ ಕೇಳಿದ ಹಾಗೇ ಇತ್ತು. ಅವಳು ಸೀಸೆಯನ್ನು ಅವನ ಕಡೆಗೆ ಸರಿಸಿದಳು. "ಬಂದು ನೋಡಿ," ಎಂದಳು.

"ಕೆರೆ ಮೇಲೆ ಎರಡು ಅಡಿ ಮಂಜುಗಡ್ಡೆ ಇದೆ ಮೇಡಂ."

"ಸೆಪ್ಟೆಂಬರಿನಲ್ಲಿ ಬನ್ನಿ."

ಅಧಿಕಾರಿ ಅದನ್ನು ಬರೆದುಕೊಂಡ. ಸೀಸೆಗೆ ಚೀಟಿ ಅಂಟಿಸಿದರು, ಸಾಕ್ಷ್ಯ ಹದಿನಾಲ್ಕು. ವಾಪಸ್ ಕೊಡಿ, ಅದು ಬೀಜ, ನೀರಲ್ಲಿಡಬೇಕು ಎಂದಳು ಡೆಲೋರಿಸ್. ಮೊಕದ್ದಮೆ ಮುಗಿಯುವವರೆಗೆ ಸಾಕ್ಷ್ಯ ಕಚೇರಿಯಲ್ಲೇ ಇರಬೇಕು ಎಂದರು. ಬಿಸಿ ಹೀಟರಿನ ಪಕ್ಕದ ಕಪಾಟಿನಲ್ಲಿ ಅದನ್ನು ಇಟ್ಟದ್ದನ್ನು ಅವಳು ನೋಡಿದಳು.

ತೀರ್ಪು ಏಪ್ರಿಲ್ ಕೊನೆಗೆ ಬಂತು. ರೋಶೆಲ್ ನಿಂತುಕೊಂಡೇ ಓದಿದಳು. ಅರ್ಜಿಯನ್ನು ತಳ್ಳಿಹಾಕಿಲ್ಲ. ಅರ್ಜಿದಾರರೇ ಸೂಚಿಸಿದಂತೆ ಸೆಪ್ಟೆಂಬರ್ ತಿಂಗಳಲ್ಲಿ ಸ್ಥಳ ಪರಿಶೀಲನೆ ನಡೆಯುವುದು. ಅಲ್ಲಿಯವರೆಗೆ ಪಟ್ಟಿ ಇದ್ದಂತೆಯೇ ಇರುವುದು.

"ಅಂದ್ರೆ?" ಎಂದ ಆರ್ವಿಲ್.

"ಅಂದ್ರೆ ಜೂನ್‌ನಲ್ಲಿ ಅವರು ಕೋಡಿ ಕಟ್ಟಬಹುದು. ಸೆಪ್ಟೆಂಬರಿನಲ್ಲಿ ಇವರು ಬಂದು ಭತ್ತ ಇದೆಯಾ ನೋಡ್ತಾರೆ."

"ಬನ್ನಿ ಅಂತ ನಾನೇ ಕರೆದೆ," ಎಂದಳು ಡೆಲೋರಿಸ್.

"ಮೇಲ್ಮನವಿ ಹಾಕಿದೀವಿ ಅತ್ತೆ."

"ಯಾವಾಗ ಬರತ್ತೆ ಅದು?"

"ಅಕ್ಟೋಬರ್."

ಜೂನ್ ಎರಡನೇ ವಾರ ಶುಕ್ರವಾರ ಬೆಳಿಗ್ಗೆ ಲಾರಿಗಳು ಬಂದವು. ಯಂತ್ರ ಹೂತುಕೊಳ್ಳಬಾರದೆಂದು ಮರದ ದಿಮ್ಮಿಗಳನ್ನು ಜೋಡಿಸಿ ಮಾಡಿದ ಹಾಸುಗಳನ್ನು ಕೋಡಿಯ ಹಳ್ಳದ ಉದ್ದಕ್ಕೂ ಒಂದರ ಮೇಲೊಂದು ಇಳಿಸತೊಡಗಿದರು. ಹಳ್ಳ ಎಂಟು ಅಡಿ ಅಗಲ. ಮೊದಲ ಹಾಸು ಬೀಳುತ್ತಿದ್ದಂತೆ ನೀರು ಹಿಂದಕ್ಕೆ ಸರಿಯಿತು.

ದಡದಲ್ಲಿ ಆರು ಜನ ಇದ್ದರು. ಡೆಲೋರಿಸ್, ಆರ್ವಿಲ್, ರೋಶೆಲ್, ಪೇಟೆಯ ಕಾಲೇಜಿನಿಂದ ಬಂದ ಮೂವರು ಹುಡುಗಿಯರು. ಕೊಳವೆ ತಡೆಯಲು ನೂರಾರು ಜನ ಸೇರಿದ್ದು ಪೂರ್ವದ ದೊಡ್ಡ ನದಿಯ ಹತ್ತಿರ, ಟೀವಿಯವರೂ ಅಲ್ಲೇ. ಪಟ್ಟಿಯಲ್ಲೇ ಇಲ್ಲದ ಕೆರೆಗೆ ಯಾರು ಬರುತ್ತಾರೆ? ಡೆಲೋರಿಸ್ ಕಾಣಿಕೆಯೆಂದು ಚಿಟಿಕೆ ಹೊಗೆಸೊಪ್ಪು ನೀರಿಗೆ ಬಿಟ್ಟು, ಹಳ್ಳಕ್ಕಿಳಿದು ಎರಡನೆಯ ಹಾಸು ಬೀಳಬೇಕಾದ ಜಾಗದಲ್ಲಿ ಕೂತಳು. ನೀರು ಸೊಂಟದವರೆಗೆ ಬಂತು, ಚಳಿ ಹಲ್ಲಿಗೆ ಹತ್ತಿತು.

ಮುಕ್ಕಾಲು ಗಂಟೆ ಕೆಲಸ ನಿಂತಿತು. ಆಮೇಲೆ ಶೆರಿಫನ ಕಡೆಯ ಪೊಲೀಸ್ ಬಂದ. ರೋಶೆಲ್ ಜೊತೆ ಶಾಲೆಯಲ್ಲಿ ಓದಿದವನು, ಬ್ರಾಂಟ್.

"ಏಳಿ ಡೆಲೋರಿಸ್ ಅಮ್ಮ. ಇದು ಕಂಪನಿಯ ಗುತ್ತಿಗೆ ಜಾಗ."

ಅವಳು ಎದೆಯ ಜೇಬಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಪ್ಪಂದದ ಪ್ರತಿ ತೆಗೆದಳು. ಮುತ್ತಾತಂದಿರು ಗುರುತು ಹಾಕಿದ ಪುಟ. "ಓದು."

ಅವನು ನಿಜವಾಗಿ ಓದಿದ. ಓದಿ ಮಡಚಿ ವಾಪಸ್ ಕೊಟ್ಟ. "ಇದು ದೇಶದ್ದು. ನಾನು ಜಿಲ್ಲೆಯವನು."

"ನಿಮ್ಮಮ್ಮ ಹೇಗಿದಾಳೆ?"

"ಸೊಂಟ ನೋವು. ಏಳ್ತೀರಾ?"

"ಮಂಡಿ ಹಿಡ್ಕೊಂಡಿದೆ. ಎತ್ತಪ್ಪ."

ಅವನೂ ಜೊತೆಗೆ ಬಂದ ಇನ್ನೊಬ್ಬ ಪೊಲೀಸನೂ ಸೇರಿ ಎತ್ತಿದರು. ಜೋಪಾನವಾಗಿಯೇ ಎತ್ತಿದರು. ಆರ್ವಿಲ್ ಮಂಡಿಯಿಂದಾಗಿ ಹಳ್ಳಕ್ಕೆ ಇಳಿದಿರಲಿಲ್ಲ, ದಡದಲ್ಲಿದ್ದ ಅವನನ್ನೂ ಉಳಿದವರನ್ನೂ ಬಿಟ್ಟರು. ಠಾಣೆಯಲ್ಲಿ ಡೆಲೋರಿಸ್‌ಗೆ ಒಂದು ಹಾಳೆ ಕೊಟ್ಟು ಸಹಿ ಹಾಕಿಸಿದರು. ಅತಿಕ್ರಮ ಪ್ರವೇಶ. ಸ್ಥಳ: ಕೆಸರು ಕೆರೆಯ ಕೋಡಿ. ಅವಳು ಆ ಸಾಲನ್ನು ಎರಡು ಸಲ ಓದಿದಳು. ಅವಳ ಹೆಸರೂ ಆ ಕೆರೆಯ ಹೆಸರೂ ಜೊತೆಗಿದ್ದ ಎರಡನೆಯ ಕಾಗದ ಅದು. ಇದರಲ್ಲೂ ಭತ್ತದ ಮಾತಿರಲಿಲ್ಲ.

ಜಡ್ಜು ಬರುವುದು ಸೋಮವಾರ. ಶನಿವಾರ ಮಧ್ಯಾಹ್ನ ಮಳೆ ಹಿಡಿಯಿತು. ಜೈಲಿನ ಹಿಂಭಾಗಕ್ಕೆ ತಗಡಿನ ಮಾಡು. ಸದ್ದು ಕೇಳಿದರೆ ಎಷ್ಟು ಬೀಳುತ್ತಿದೆ ಎಂದು ತಿಳಿಯುತ್ತಿತ್ತು. ಡೆಲೋರಿಸ್ ಮಂಚದ ಮೇಲೆ ಕೂತು ಲೆಕ್ಕ ಹಾಕುತ್ತಿದ್ದಳು. ಒಂದು ಇಂಚು. ಕೋಡಿ ತೆರೆದಿದ್ದರೆ ತೊಂದರೆ ಇಲ್ಲ, ಸಂಜೆಗೆ ಹರಿದುಹೋಗುತ್ತದೆ. ಎರಡು ಇಂಚು. ಮೂರು ಕಡೆಯ ಜವುಗು ಕೆರೆಗೇ ಸುರಿಯುತ್ತದೆ. ಕಾವಲಿನವಳನ್ನು ಕರೆದು ಕಂಪನಿಗೆ ಫೋನ್ ಮಾಡಿ ಹಾಸು ತೆಗೆಯಲು ಹೇಳಿ ಎಂದಳು. ಕಾವಲಿನವಳು ಶನಿವಾರ ಯಾರೂ ಇರುವುದಿಲ್ಲ ಎಂದಳು. ಭಾನುವಾರವೂ ಕೇಳಿದಳು. ಅಂದು ಉತ್ತರ ಬರಲಿಲ್ಲ, ಒಂದು ಕಂಬಳಿ ಬಂತು.

ಸೋಮವಾರ ಬಿಡುಗಡೆ. ಆರ್ವಿಲ್ ಟ್ರಕ್ ತಂದಿದ್ದ. ಅವಳು ಕೈಯಲ್ಲಿದ್ದ ಹಾಳೆ ತೋರಿಸಿದಳು.

"ಅಂತೂ ಕಾಗದ ಸಿಕ್ತು ಕಣೆ," ಎಂದ. ಮನೆಯ ತಿರುವು ಬಂದರೂ ತಿರುಗದೆ ಟ್ರಕ್ಕನ್ನು ನೇರ ಕೆರೆಯ ರಸ್ತೆಗೆ ಹೊಡೆದ. ಅದರಿಂದಲೇ ಅವಳಿಗೆ ಗೊತ್ತಾಯಿತು.

ನೀರು ಒಂದೂವರೆ ಅಡಿ ಏರಿತ್ತು. ದೋಣಿ ಕಟ್ಟುತ್ತಿದ್ದ ಗೂಟ ಮುಳುಗಿತ್ತು. ದಡದ ಉದ್ದಕ್ಕೂ ಹಸಿರು ರಿಬ್ಬನ್ನುಗಳು ಕಣ್ಣು ಹರಿಯುವವರೆಗೆ ರಾಶಿಯಾಗಿ ಬಿದ್ದಿದ್ದವು. ಡೆಲೋರಿಸ್ ಬಗ್ಗಿ ಒಂದನ್ನು ಎತ್ತಿದಳು. ಬೇರು ಬಿಳಿ, ಬೆರಳುದ್ದ, ಇನ್ನೂ ಕೆಸರು ಹಿಡಿದಿತ್ತು.

"ಇನ್ನೂ ಒಣಗಿಲ್ಲ," ಎಂದಳು.

"ಡೆಲೋರಿಸ್."

"ಒಣಗಿಲ್ಲ ಅಣ್ಣ, ನೋಡು."

ಅವಳು ಪ್ಯಾಂಟು ಮಡಚಿ ನೀರಿಗಿಳಿದಳು. ಒಂದು ಹಿಡಿ ಸಸಿ ತಂದು ಬಗ್ಗಿ ಕೆಸರಿಗೆ ಊರಿದಳು. ಗಲ್ಲ ನೀರಿಗೆ ತಾಗುತ್ತಿತ್ತು. ಇನ್ನೊಂದು ಹಿಡಿ ಊರಿದಳು. ಮನೋಮಿನ್ ಹಾಗೆ ನೆಡುವ ಬೆಳೆಯಲ್ಲ, ಅವಳ ಜನರಲ್ಲಿ ಯಾರೂ ಎಂದೂ ನೆಟ್ಟವರಲ್ಲ. ಆರ್ವಿಲ್ ದಡದಲ್ಲಿ ಬೂಟು ಬಿಚ್ಚಿಟ್ಟ. ಆಮೇಲೆ ಬೈಯುತ್ತ, ಕೆಟ್ಟ ಮಂಡಿಯನ್ನು ಎಳೆದುಕೊಂಡು ತಾನೂ ಇಳಿದ. ಸಂಜೆಯವರೆಗೆ ಇಬ್ಬರೂ ಊರಿದರು. ನಡುವೆ ಒಮ್ಮೆ ಡೆಲೋರಿಸ್ ಸೊಂಟ ನೆಟ್ಟಗೆ ಮಾಡಿ ಹಿಂದೆ ನೋಡಿದಳು. ಅದುವರೆಗೆ ಊರಿದ್ದೆಲ್ಲ ಬೆನ್ನ ಹಿಂದೆ ತೇಲುತ್ತಿತ್ತು.

ರೋಶೆಲ್ ಎಲ್ಲ ಕಚೇರಿಗಳಿಗೂ ಬರೆದಳು. ಹನ್ನೆರಡನೆಯ ದಿನ ಕಂಪನಿಯವರು ಹಾಸು ತೆಗೆದರು. ತಾತ್ಕಾಲಿಕ ಅಡಚಣೆಯನ್ನು ಸರಿಪಡಿಸಲಾಗಿದೆ, ಭತ್ತವಿಲ್ಲದ ನೀರಾದ್ದರಿಂದ ಹಾನಿ ಇಲ್ಲ ಎಂದು ಪತ್ರ ಬಂತು. ಜುಲೈನಲ್ಲಿ ಕೊಳವೆ ಕೋಡಿಯ ಅಡಿಯಿಂದ ಹೋಯಿತು. ಆಗಸ್ಟಿನಲ್ಲಿ ಮೇಲೆ ಹುಲ್ಲು ಬಿತ್ತಿದರು.

ಪರಿಶೀಲನೆಯವರು ಮಾತು ತಪ್ಪಲಿಲ್ಲ. ಸೆಪ್ಟೆಂಬರ್ ಏಳಕ್ಕೆ ಬಂದರು. ಬಂದವಳು ಇಪ್ಪತ್ತಾರರ ಹುಡುಗಿ, ರಬ್ಬರ್ ಬೂಟು, ಎದೆಗವಚಿಕೊಂಡ ಹಲಗೆ. ದಾರಿಯಲ್ಲಿ ಕಾಲು ಹೂತುಹೋಗುತ್ತದೆ ಎಂದು ಆರ್ವಿಲ್ ಹೇಳಿದರೂ ನಡೆದೇ ಬಂದಳು. ಎಪ್ಪತ್ತೆಂಟರಲ್ಲಿ ಇವಳು ಬಂದಿದ್ದರೆ ಕೆರೆ ನೋಡಿಯೇ ಹೋಗುತ್ತಿದ್ದಳು ಎಂದು ಡೆಲೋರಿಸ್‌ಗೆ ಅನಿಸಿತು.

ದೋಣಿಯಲ್ಲಿ ಆರ್ವಿಲ್ ಹಿಂದೆ ನಿಂತು ಗಳ ಹಾಕಿದ. ಹುಡುಗಿ ಮುಂದೆ. ಡೆಲೋರಿಸ್ ನಡುವೆ ಎಂದಿನ ಜಾಗದಲ್ಲಿ ಕೂತಳು. ಬಡಿಕೋಲುಗಳನ್ನು ಅಭ್ಯಾಸದಿಂದ ತಂದಿದ್ದಳು, ತೊಡೆಯ ಮೇಲಿಟ್ಟುಕೊಂಡಳು. ಬೇರೆ ವರ್ಷವಾದರೆ ಈ ಹೊತ್ತಿಗೆ ದೋಣಿ ಹೊಕ್ಕರೆ ಎರಡು ಮಾರು ಮುಂದೆ ಕಾಣುತ್ತಿರಲಿಲ್ಲ, ಕಾಳಿನ ಸುಂಗು ಕತ್ತಿನೊಳಗೆ ಇಳಿದು ತುರಿಸುತ್ತಿತ್ತು. ಈಗ ಆ ದಡದಿಂದ ಈ ದಡ ಕಾಣುತ್ತಿತ್ತು. ಒಂದು ಮೂಲೆಯಲ್ಲಿ, ಜವುಗಿನ ಬಾಯಿಗೆ ಸ್ವಲ್ಪ ಭತ್ತ ನಿಂತಿತ್ತು. ಹುಡುಗಿ ಬೆರಳು ತೋರಿಸಿ ಎಣಿಸಿದಳು. ಹನ್ನೊಂದು ದಂಟು.

"ಕ್ಷಮಿಸಿ, ನನ್ನ ನಮೂನೇಲಿ ಕನಿಷ್ಠ ಅಂತ ಒಂದಿದೆ," ಎಂದಳು. "ಕಾಲು ಎಕರೆ."

"ಕೆಸರಲ್ಲಿ ಹಳೇ ಬೀಜ ಇರತ್ತಮ್ಮ," ಎಂದ ಆರ್ವಿಲ್. "ಎರಡು ಮೂರು ವರ್ಷಕ್ಕೆ ಬಂದ್ರೂ ಬರಬಹುದು. ಆವಾಗ ಬರ್ತೀಯಾ?"

"ಒಂದು ಕೆರೆಗೆ ಹತ್ತು ವರ್ಷಕ್ಕೊಂದು ಪರಿಶೀಲನೆ ಅಜ್ಜ."

"ಎಂಬತ್ತೊಂದಾಗತ್ತೆ ನಂಗೆ. ಕಾಫಿ ಮಾಡಿಟ್ಟಿರ್ತೀನಿ."

ದಡಕ್ಕೆ ಬಂದ ಮೇಲೆ ಹುಡುಗಿ ಕೊನೆಯ ಪ್ರಶ್ನೆ ಉಳಿದಿದೆ ಎಂದಳು. ಅದನ್ನು ಸ್ಥಳೀಯರನ್ನು ಕೇಳಿಯೇ ತುಂಬಬೇಕಂತೆ. ಅವಳು ಪೆನ್ನು ಹಿಡಿದು ಡೆಲೋರಿಸ್‌ಳ ಮುಖ ನೋಡದೆ ಓದಿದಳು. "ಈ ಕೆರೆಯಲ್ಲಿ ಭತ್ತ ಇದೆಯಾ?"

"ಇಲ್ಲ," ಎಂದಳು ಡೆಲೋರಿಸ್.

ಹುಡುಗಿ ಬರೆದುಕೊಂಡು ಹೆಸರು ಕೇಳಿದಳು. ಡೆಲೋರಿಸ್ ಪೂರ್ತಿ ಹೆಸರು ಹೇಳಿದಳು.

ಭತ್ತವಿಲ್ಲದ ಕೆರೆಯೆಂದು ಮೇಲ್ಮನವಿ ಅಕ್ಟೋಬರಿನಲ್ಲಿ ಬಿದ್ದುಹೋಯಿತು. ನವೆಂಬರಿನಲ್ಲಿ ಸಾಕ್ಷ್ಯ ಹದಿನಾಲ್ಕು ಅಂಚೆಯಲ್ಲಿ ವಾಪಸ್ ಬಂತು. ಬೀಜ ಒಣಗಿ ಸತ್ತಿತ್ತು. ಹೋದದ್ದು ಎಂಬತ್ತು ಎಕರೆ ಮನೋಮಿನ್, ಒಂದು ಸೀಸೆ ಬೀಜ, ಮೂರು ದಿನದ ಜೈಲು.